ಗನ್ ಎಲ್ಲಿ ನಿಲ್ಲಬೇಕು?

ಟಿನ್ ಫ್ಯಾಕ್ಟರಿಯಲ್ಲಿ ಕಳೆದ ಹೊತ್ತನ್ನು ಹೊಸಕೋಟೆ ದಾಟಿದ ಮೇಲೆ ಬಡ್ಡಿ ಸಮೇತ ವಸೂಲಿ ಮಾಡುವುದು ಬೆಂಗಳೂರಿನ ಪೂರ್ವ ದಿಕ್ಕಿನವರಾದ ನಮ್ಮ ಹಳೇ ಚಾಳಿ. ಹಲಸೂರಿನಿಂದ ಹೊರಟು, ಇಂದಿರಾನಗರದ ಬೆನ್ನಿಗೇ ಹಳೇ ಮದ್ರಾಸ್ ರಸ್ತೆ ಹಿಡಿದು, ಬೆನ್ನಿಗಾನಹಳ್ಳಿ, ಕೆ.ಆರ್. ಪುರದ ತೂಗು ಸೇತುವೆ, ಭಟ್ಟರಹಳ್ಳಿ ಎಂದು ಒಂದೊಂದೇ ಗಂಟು ಬಿಡಿಸಿಕೊಂಡು ಮೇಡಹಳ್ಳಿ ದಾಟುವಷ್ಟರಲ್ಲಿ ಬ್ರೇಕಿನ ಮೇಲಿಟ್ಟ ಕಾಲು ಜೋಮು ಹಿಡಿದಿರುತ್ತದೆ. ಮುಂದೆ ರಸ್ತೆ ತೆರೆದುಕೊಂಡಿತೋ, ಅದೇ ಕಾಲು ಆಕ್ಸಿಲರೇಟರ್ ಮೇಲೆ ಕೂತುಬಿಡುತ್ತದೆ. ಲೆಕ್ಕ ಹಾಕಿ ನೋಡಿ. ಹೊಸಕೋಟೆಯಿಂದ ಕೋಲಾರಕ್ಕೆ ಸುಮಾರು 40 ಕಿಲೋಮೀಟರ್. ಗಂಟೆಗೆ 80ರಂತೆ ಹೋದರೆ ಅರ್ಧ ಗಂಟೆ, 100ರಂತೆ ಹೋದರೆ 24 ನಿಮಿಷ. ಉಳಿದದ್ದು ಆರೇ ನಿಮಿಷ. ವಾಪಸ್ ಬರುವಾಗ ಆ ಆರು ನಿಮಿಷವನ್ನು ತೂಗು ಸೇತುವೆಯ ಜಾಮ್ ರಸೀದಿಯನ್ನೂ ಕೊಡದೆ ನುಂಗಿಕೊಳ್ಳುತ್ತದೆ.

ಈ ಆರು ನಿಮಿಷದ ಆಸೆಗೆ ಅಡ್ಡ ನಿಲ್ಲುವುದೇ ವೇಗ ಅಳೆಯುವ ಗನ್ ಹೊತ್ತು ರಸ್ತೆ ಬದಿಯಲ್ಲಿ ನಿಂತ ಪೊಲೀಸರ ಇಂಟರ್‌ಸೆಪ್ಟರ್ ಗಾಡಿ. ಅದರ ಬಗ್ಗೆ ಓದುಗರು ಬರೆಯುತ್ತಲೇ ಇರುತ್ತಾರೆ. ‘ಮರದ ಮರೆಯಲ್ಲಿ ನಿಂತು ಹಿಡಿಯುವುದು ಯಾವ ನ್ಯಾಯ ಸ್ವಾಮಿ?’ ಎಂದು ಒಬ್ಬರು. ‘ನನ್ನ ಮೀಟರ್‌ನಲ್ಲಿ 95 ಇತ್ತು, ಚಲನ್‌ನಲ್ಲಿ 104 ಬಂದಿದೆ’ ಎಂದು ಇನ್ನೊಬ್ಬರು. ‘ಇದೆಲ್ಲ ಬೊಕ್ಕಸ ತುಂಬಿಸೋ ಆಟ’ ಎನ್ನುವವರಂತೂ ಲೆಕ್ಕವಿಲ್ಲ. ಮೂರೂ ಪ್ರಶ್ನೆಗೆ ಉತ್ತರವಿದೆ. ಆದರೆ ಈ ರಸ್ತೆಯಲ್ಲಿ ಓಡಾಡಿದ ಮೇಲೆ ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಯಾರೂ ಕೇಳದ ನಾಲ್ಕನೆಯ ಪ್ರಶ್ನೆ: ಆ ಗನ್ ಎಲ್ಲಿ ನಿಂತಿದೆ?

ಮೊದಲು ಯಂತ್ರದ ಸಂಗತಿ. ಕೋಲಾರದ ಹಾದಿಯಲ್ಲಿ ನರಸಾಪುರದ ಈಚೆಗೆ ಒಮ್ಮೆ ಗಾಡಿ ಪಕ್ಕಕ್ಕೆ ಹಾಕಿ, ಕೆಲಸದಲ್ಲಿದ್ದ ಪೊಲೀಸರ ಜೊತೆ ಸ್ವಲ್ಪ ಹೊತ್ತು ನಿಂತಿದ್ದೆ. ದುರ್ಬೀನು ಹಿಡಿದಂತೆ ಗನ್ನನ್ನು ಕಣ್ಣಿಗೆ ಒತ್ತಿಕೊಂಡಿದ್ದ ಕಾನ್ಸ್‌ಟೇಬಲ್, ‘ನಂಬರ್ ಪ್ಲೇಟಿಗೋ ಹೆಡ್‌ಲೈಟಿಗೋ ಗುರಿ ಇಡಬೇಕು ಸರ್. ಗಾಜಿಗೆ ಹಿಡಿದ್ರೆ ಸರಿಯಾಗಿ ಬರಲ್ಲ’ ಎಂದರು. ದೂರದ ಏರಿನಲ್ಲಿ ಚುಕ್ಕೆಯಂತೆ ಕಂಡ ಕಾರಿಗೆ ಗುರಿಯಿಟ್ಟು ಗುಂಡಿ ಒತ್ತಿದರು. ನಾನು ಆ ಕಾರಿನ ಬಣ್ಣ ಗುರುತಿಸುವ ಮೊದಲೇ ಪರದೆಯ ಮೇಲೆ ಅದರ ಫೋಟೊ, ವೇಗ, ದೂರ, ಸಮಯ ಎಲ್ಲ ಮೂಡಿತ್ತು. ಚಾಲಕ ಪೊಲೀಸರ ಗಾಡಿ ಕಂಡು ಬ್ರೇಕ್ ಒತ್ತುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ಗನ್‌ನಿಂದ ಹೊರಡುವುದು ಕಣ್ಣಿಗೆ ಕಾಣದ ಲೇಸರ್ ಬೆಳಕಿನ ಮಿಡಿತಗಳು. ಬೆಳಕು ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನಲ್ಲಿ ಹೆಚ್ಚುಕಮ್ಮಿ ಒಂದು ಅಡಿ ಸಾಗುತ್ತದೆ. ಹೋಗಿ ಬಡಿದು ಬರಲು ಹಿಡಿದ ಹೊತ್ತಿನಿಂದ ಕಾರು ಎಷ್ಟು ದೂರದಲ್ಲಿದೆ ಎಂದು ಯಂತ್ರ ಲೆಕ್ಕ ಹಾಕುತ್ತದೆ. ಇಂಥ ಅಳತೆಯನ್ನು ಅರ್ಧ ಸೆಕೆಂಡಿನೊಳಗೆ ಹತ್ತಾರು, ನೂರಾರು ಸಲ ಮಾಡಿ, ದೂರ ಎಷ್ಟು ಬೇಗ ಕಡಿಮೆಯಾಗುತ್ತಿದೆ ಎಂಬುದರಿಂದ ವೇಗ ಹೇಳುತ್ತದೆ. ಹಳೆಯ ರಾಡಾರ್ ಗನ್‌ನ ರೀತಿ ಬೇರೆ. ಬೈಯಪ್ಪನಹಳ್ಳಿ ನಿಲ್ದಾಣದಲ್ಲಿ ನಿಲ್ಲದೆ ಹೋಗುವ ರೈಲಿನ ಹಾರನ್ ಹತ್ತಿರ ಬರುವಾಗ ಕೀರಲಾಗಿ, ದಾಟಿದ ಮೇಲೆ ದಪ್ಪಗೆ ಕೇಳುತ್ತದಲ್ಲ, ಅಂಥದೇ ಬದಲಾವಣೆಯನ್ನು ರಾಡಾರ್ ರೇಡಿಯೊ ಅಲೆಗಳಲ್ಲಿ ಅಳೆಯುತ್ತದೆ. ರಾಡಾರ್ ಅಲೆ ದೂರ ಹೋದಂತೆ ಅಗಲವಾಗಿ ಹರಡುವುದರಿಂದ ಅಕ್ಕಪಕ್ಕದ ನಾಲ್ಕು ಗಾಡಿಗಳಲ್ಲಿ ಯಾವುದರ ವೇಗ ಎಂಬ ಗೊಂದಲ ಹುಟ್ಟುತ್ತಿತ್ತು. ಲೇಸರ್ ಕಿರಣ 300 ಮೀಟರ್ ದೂರದಲ್ಲೂ ಸುಮಾರು ಒಂದು ಮೀಟರ್ ಅಗಲವಷ್ಟೇ ಹರಡುತ್ತದೆ. ಹಾಗಾಗಿ ಗುಂಪಿನಲ್ಲೂ ಒಂದೇ ಗಾಡಿಯನ್ನು ಹೆಕ್ಕಬಹುದು.

ಯಂತ್ರ ತಪ್ಪುವುದೇ ಇಲ್ಲವೇ? ತಪ್ಪುತ್ತದೆ, ಆದರೆ ನಾವು ಅಂದುಕೊಂಡ ದಿಕ್ಕಿನಲ್ಲಿ ಅಲ್ಲ. ರಸ್ತೆಯ ಪಕ್ಕದಲ್ಲಿ ಓರೆಯಾಗಿ ನಿಂತು ಅಳೆದರೆ ನಿಜವಾದ ವೇಗಕ್ಕಿಂತ ಕಡಿಮೆಯೇ ಬರುತ್ತದೆ. 20 ಡಿಗ್ರಿ ಓರೆಯಿದ್ದರೆ 100ರಲ್ಲಿ ಬರುವ ಕಾರು 94 ಎಂದು ಕಾಣಿಸುತ್ತದೆ, ಲಾಭ ಚಾಲಕನಿಗೇ. ಇನ್ನು ಕಾರಿನ ಸ್ಪೀಡೊಮೀಟರನ್ನು ಕಂಪನಿಯವರು ನಿಜಕ್ಕಿಂತ ತುಸು ಹೆಚ್ಚೇ ತೋರಿಸುವ ಹಾಗೆ ಕೂರಿಸಿರುತ್ತಾರೆ, ಕಡಿಮೆ ತೋರಿಸುವಂತಿಲ್ಲ. ಆದ್ದರಿಂದ ಮೀಟರ್‌ನಲ್ಲಿ 95, ಚಲನ್‌ನಲ್ಲಿ 104 ಎನ್ನುವವರು ಬಹುಶಃ ಮೀಟರ್ ನೋಡಿದ್ದು ಇಂಟರ್‌ಸೆಪ್ಟರ್ ಕಂಡು ಬ್ರೇಕ್ ಒತ್ತಿದ ಮೇಲೆ. ಅದೂ ಅಲ್ಲವೆಂದಾದರೆ ಫೋಟೊ ತೆರೆದು, ಅದರಲ್ಲಿರುವುದು ತಮ್ಮದೇ ಗಾಡಿಯೇ ಎಂದು ನೋಡಬೇಕು. ನಕಲಿ ನಂಬರ್ ಪ್ಲೇಟಿನವರು ಮಾಡಿದ್ದಕ್ಕೆ ಅಸಲಿ ನಂಬರಿನವರು ದಂಡ ತೆರುವುದು ನಮ್ಮಲ್ಲಿ ಹೊಸತಲ್ಲ.

ಕಾನೂನು ಈ ವಿಷಯದಲ್ಲಿ ನಾವು ನೆನೆಸಿದ್ದಕ್ಕಿಂತ ಸ್ಪಷ್ಟವಾಗಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಎಲೆಕ್ಟ್ರಾನಿಕ್ ಕಣ್ಗಾವಲಿನ 136ಎ ಕಲಂ ಬಂತು. ಅದರ ಬೆನ್ನಿಗೆ 2021ರ ಆಗಸ್ಟ್‌ನಲ್ಲಿ 167ಎ ನಿಯಮ ಬಂತು. ಅದರ ಪ್ರಕಾರ ಇಂಥ ಉಪಕರಣಕ್ಕೆ ಅನುಮೋದನೆ ಪತ್ರ ಇರಬೇಕು, ಅದು ವರ್ಷ ವರ್ಷ ನವೀಕರಣ ಆಗಬೇಕು. ಕಣ್ಗಾವಲು ಇರುವ ರಸ್ತೆಯಲ್ಲಿ ಎಚ್ಚರಿಕೆ ಫಲಕ ಹಾಕಬೇಕು. ತಪ್ಪು ನಡೆದ 15 ದಿನದೊಳಗೆ ನೋಟಿಸ್ ಬರಬೇಕು, ಅದರಲ್ಲಿ ಫೋಟೊ, ಅಳೆದ ವೇಗ, ಜಾಗ, ದಿನಾಂಕ, ಸಮಯ ಇರಬೇಕು. ಒಪ್ಪದಿದ್ದರೆ ನ್ಯಾಯಾಲಯಕ್ಕೆ ಹೋಗುವ ದಾರಿ ಇದ್ದೇ ಇದೆ.

ವೇಗದ ಮಿತಿಯೂ ಎಲ್ಲರಿಗೂ ಒಂದೇ ಅಲ್ಲ ಎಂಬುದು ಅನೇಕರಿಗೆ ತಿಳಿಯದು. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಂತೆ, ನಡುವೆ ಮೀಡಿಯನ್ ಇರುವ ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ಹೆಚ್ಚೆಂದರೆ 100, ಬಸ್ಸಿಗೆ 90, ಲಾರಿಗೆ ಮತ್ತು ಬೈಕಿಗೆ 80. ಬೇರೆ ರಸ್ತೆಗಳಲ್ಲಿ ಕಾರಿಗೆ 70, ಬೈಕಿಗೆ 60. ಇದು ಮೇಲಿನ ಗಡಿ. ರಾಜ್ಯ ಸರ್ಕಾರ ಯಾವುದೇ ತುಂಡು ರಸ್ತೆಗೆ ಇದಕ್ಕಿಂತ ಕಡಿಮೆ ಗೊತ್ತುಮಾಡಬಹುದು. ಹಾಗೆ ಕಡಿಮೆ ಮಾಡಿದ ಕಡೆ ಫಲಕ ಎದ್ದು ಕಾಣಬೇಕು. ಬಳ್ಳಿ ಹಬ್ಬಿದ, ರಾಜಕಾರಣಿಯ ಹುಟ್ಟುಹಬ್ಬದ ಬ್ಯಾನರ್ ಕಟ್ಟಿದ ಫಲಕವನ್ನು ನಂಬಿ ದಂಡ ಹಾಕುವುದು ಸರಿಯಲ್ಲ. ಈ ಒಂದು ದೂರಿನಲ್ಲಿ ನಾನು ಪೂರ್ತಿ ಓದುಗರ ಪಕ್ಷ.

ಆದರೆ ‘ಹತ್ತಿಪ್ಪತ್ತು ಕಿಲೋಮೀಟರ್ ಜಾಸ್ತಿ ಹೋದರೆ ಏನು ಮಹಾ’ ಎನ್ನುವ ಮಾತಿಗೆ ನನ್ನ ಸಮ್ಮತಿ ಇಲ್ಲ. 60ರಲ್ಲಿ ಹೋಗುವ ಕಾರು, 80ರಲ್ಲಿ ಹೋಗುವ ಕಾರು ಅಕ್ಕಪಕ್ಕ ಬರುತ್ತಿವೆ ಎನ್ನಿ. ಮುಂದೆ ಯಾರೋ ರಸ್ತೆಗೆ ಇಳಿಯುತ್ತಾರೆ. ಇಬ್ಬರು ಚಾಲಕರಿಗೂ ಗಾಬರಿಯಾಗಿ ಬ್ರೇಕ್ ಒತ್ತಲು ಒಂದು ಸೆಕೆಂಡ್ ಬೇಕು, ಇಬ್ಬರ ಬ್ರೇಕೂ ಚೆನ್ನಾಗಿದೆ, ರಸ್ತೆ ಒಣಗಿದೆ. 60ರ ಕಾರು ಸುಮಾರು 37 ಮೀಟರಿನಲ್ಲಿ ನಿಲ್ಲುತ್ತದೆ. ಅದು ನಿಂತ ಜಾಗಕ್ಕೆ ಬಂದಾಗ 80ರ ಕಾರಿನ ವೇಗ ಎಷ್ಟಿರುತ್ತದೆ? ಬಹಳ ಜನ 20 ಎನ್ನುತ್ತಾರೆ. ಲೆಕ್ಕ ಹೇಳುವುದು ಸುಮಾರು 60. ಮೊದಲ ಕಾರಿನವರು ಬೈದುಕೊಂಡು ಮುಂದೆ ಹೋಗುತ್ತಾರೆ, ಎರಡನೆಯವರು ಒಬ್ಬರನ್ನು 60ರ ವೇಗದಲ್ಲಿ ಗುದ್ದಿರುತ್ತಾರೆ. ವೇಗ ಏರಿದಂತೆ ಹೊಡೆತದ ಶಕ್ತಿ ಅದರ ವರ್ಗದಷ್ಟು ಏರುತ್ತದೆ ಎಂದು ನಾವು ಹೈಸ್ಕೂಲಿನಲ್ಲಿ ಓದಿದ್ದು ಇದನ್ನೇ. ಒಂದು ರಸ್ತೆಯ ಸರಾಸರಿ ವೇಗ ನೂರಕ್ಕೆ ಒಂದರಷ್ಟು ಹೆಚ್ಚಿದರೆ ಅಲ್ಲಿನ ಮಾರಣಾಂತಿಕ ಅಪಘಾತ ನೂರಕ್ಕೆ ನಾಲ್ಕರಷ್ಟು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ನಮ್ಮ ದೇಶದಲ್ಲಿ 2022ರಲ್ಲಿ ರಸ್ತೆಯಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಸಾವಿಗೆ ಅತಿವೇಗ ಕಾರಣ ಎಂದು ಕೇಂದ್ರ ಹೆದ್ದಾರಿ ಸಚಿವಾಲಯದ ವರದಿ ಹೇಳುತ್ತದೆ. ಮೂರರಲ್ಲಿ ಎರಡು ಪಾಲು ಸಾವು ಗ್ರಾಮಾಂತರ ಪ್ರದೇಶದಲ್ಲೇ. ಆದರೆ ಈ ‘ಅತಿವೇಗ’ವನ್ನು ಅಳೆದವರು ಯಾರು? ಯಾವುದಾದರೂ ಠಾಣೆಯ ಅಪಘಾತದ ಎಫ್‌ಐಆರ್ ತೆಗೆದು ನೋಡಿ. ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು ಡಿಕ್ಕಿ ಪಡಿಸಿ’ ಎಂಬ ಸಾಲು ಹೆಚ್ಚುಕಮ್ಮಿ ಎಲ್ಲದರಲ್ಲೂ ಇರುತ್ತದೆ. ಹಳೆಯ ದಂಡಸಂಹಿತೆಯ 279ಕ್ಕೆ, ಈಗಿನ ಭಾರತೀಯ ನ್ಯಾಯ ಸಂಹಿತೆಯ 281ಕ್ಕೆ ಆ ಮಾತು ಬೇಕು, ಆದ್ದರಿಂದ ಬರೆಯುತ್ತಾರೆ. ನಿಂತ ಲಾರಿಗೆ ಬೈಕ್ ಗುದ್ದಿದರೂ ಹೆಚ್ಚುಕಮ್ಮಿ ಅದೇ ಮಾತು, ದೀಪವಿಲ್ಲದ ಟ್ರ್ಯಾಕ್ಟರ್‌ಗೆ ಕಾರು ನುಗ್ಗಿದರೂ ಅದೇ. ಹೆಣ ಬಿದ್ದ ಮೇಲೆ ಬರೆಯುವ ಆ ‘ಅತಿವೇಗ’ ಒಂದು ಊಹೆ. ಗನ್ ಹೇಳುವ ವೇಗ ಹೆಣ ಬೀಳುವ ಮೊದಲಿನದು, ಅಂಕಿಯಲ್ಲಿ ಇರುವುದು, ಪ್ರಶ್ನಿಸಬಹುದಾದದ್ದು. ನಾನು ಗನ್ನಿನ ಪರ ನಿಲ್ಲುವುದು ಈ ಕಾರಣಕ್ಕೆ.

ಇನ್ನು ಮರೆಯಲ್ಲಿ ನಿಲ್ಲುವ ಪ್ರಶ್ನೆ. ಅದಕ್ಕೆ ಮೊದಲು ಗನ್ನಿನಿಂದ ಉಪಯೋಗವಿದೆಯೇ ಎಂದು ನೋಡಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯ ಕತೆ ಎಲ್ಲರಿಗೂ ಗೊತ್ತಿರುವುದೇ. 2023ರ ಮಾರ್ಚ್ 12ಕ್ಕೆ ಪ್ರಧಾನಿ ಉದ್ಘಾಟಿಸಿದರು. ಮೇ, ಜೂನ್ ತಿಂಗಳಲ್ಲಿ ಸಾವುಗಳ ಸುದ್ದಿ ದಿನಾ ಎನ್ನುವಂತೆ ಬಂತು. ಆಗ ಸಂಚಾರ ಮತ್ತು ರಸ್ತೆ ಸುರಕ್ಷತೆಯ ಎಡಿಜಿಪಿ ಆಗಿದ್ದ ಅಲೋಕ್ ಕುಮಾರ್ ಸ್ಪೀಡ್ ಗನ್ ಇಳಿಸಿದರು. ಆಗಸ್ಟ್ 1ರಿಂದ ಹೆದ್ದಾರಿ ಪ್ರಾಧಿಕಾರ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ಪಥದಲ್ಲಿ ಪ್ರವೇಶ ನಿಲ್ಲಿಸಿತು. ಮುಂದಿನ ವರ್ಷ ಉದ್ದಕ್ಕೂ ಸ್ಥಿರ ಕ್ಯಾಮೆರಾಗಳು ಬಂದವು. 2023ರಲ್ಲಿ 180 ದಾಟಿದ್ದ ಸಾವು 2024ರಲ್ಲಿ 50ರ ಆಸುಪಾಸಿಗೆ ಇಳಿಯಿತು. ಇದರಲ್ಲಿ ಬೈಕ್ ನಿಷೇಧದ ಪಾಲೆಷ್ಟು, ಕ್ಯಾಮೆರಾದ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಆದರೆ ಬೈಕ್ ನಿಷೇಧಕ್ಕೆ ಮುಂಚೆ, 2023ರ ಜುಲೈನಲ್ಲೇ ಇಳಿಕೆ ಶುರುವಾಗಿತ್ತು ಎನ್ನುವುದು ಗನ್ನಿನ ಪರವಾದ ಸಾಕ್ಷಿ. 2024ರ ಆಗಸ್ಟ್‌ನಿಂದ ರಾಜ್ಯದ ಯಾವುದೇ ರಸ್ತೆಯಲ್ಲಿ 130 ದಾಟಿದರೆ ದಂಡದ ಜೊತೆ ಎಫ್‌ಐಆರ್ ಎಂಬ ಆದೇಶವೂ ಬಂತು.

ಸ್ಥಿರ ಕ್ಯಾಮೆರಾದ ದೌರ್ಬಲ್ಯ ಅದರ ವಿಳಾಸ. ದಿನಾ ಓಡಾಡುವವರಿಗೆ ಕಂಬಗಳು ಬಾಯಿಪಾಠ. ಕಂಬದ ಹತ್ತಿರ ಸಾಧು, ದಾಟಿದ ಮೇಲೆ ಹಳೇ ಹುಲಿ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದವರು 1989ರ ಕೊನೆಯಲ್ಲೇ ಗುರುತಿಲ್ಲದ ಕಾರುಗಳಲ್ಲಿ ಕ್ಯಾಮೆರಾ ಇಟ್ಟು ಇವತ್ತು ಇಲ್ಲಿ, ನಾಳೆ ಅಲ್ಲಿ ಎಂದು ನಿಲ್ಲಿಸತೊಡಗಿದ್ದು ಇದಕ್ಕೇ. ಅಲ್ಲಿನ ಇನ್ನೊಂದು ರಾಜ್ಯ ಕ್ವೀನ್ಸ್‌ಲ್ಯಾಂಡ್ 1997ರಲ್ಲಿ ಶುರುಮಾಡಿದ ವ್ಯವಸ್ಥೆ ನನಗೆ ಹೆಚ್ಚು ಹಿಡಿಸುತ್ತದೆ. ಹಿಂದೆ ಎಲ್ಲೆಲ್ಲಿ ಅಪಘಾತ ಆಗಿದೆಯೋ ಆ ಜಾಗಗಳ ಪಟ್ಟಿ ಮಾಡಿದರು. ಪಟ್ಟಿಯ ಯಾವ ಜಾಗಕ್ಕೆ ಯಾವ ದಿನ ಕ್ಯಾಮೆರಾ ಹೋಗಬೇಕು ಎಂಬುದನ್ನು ಲಾಟರಿ ಕ್ರಮದಲ್ಲಿ ಗೊತ್ತುಮಾಡಿದರು. ಪೊಲೀಸರ ಇಷ್ಟಕ್ಕೂ ಬಿಡಲಿಲ್ಲ, ಚಾಲಕರ ಅಂದಾಜಿಗೂ ಸಿಗಲಿಲ್ಲ. ನಮ್ಮ 167ಎ ನಿಯಮ ಕೇಳುವುದು ಇಡೀ ರಸ್ತೆಗೆ ಎಚ್ಚರಿಕೆ ಫಲಕ. ಗಾಡಿ ಯಾವ ಬೇವಿನ ಮರದ ಕೆಳಗೆ ನಿಂತಿದೆ ಎಂದು ಹೇಳಿ ನಿಲ್ಲಬೇಕು ಎಂದಲ್ಲ. ಅಂದು ನರಸಾಪುರದ ಹತ್ತಿರ ನಾನು ನೋಡುತ್ತ ನಿಂತಿದ್ದಾಗಲೇ ಎದುರಿನ ಪಥದವರು ಈಚೆ ಬರುವವರಿಗೆ ಲೈಟ್ ಹೊಡೆದು ಸುಳಿವು ಕೊಡತೊಡಗಿದ್ದರು. ಸಾಲಾಗಿ ಬಂದ ಕಾರುಗಳೆಲ್ಲ ಮದುವೆ ದಿಬ್ಬಣದವರಂತೆ ನಿಧಾನವಾಗಿ ಹೋದವು. ‘ಒಂದು ಸಲ ಜಾಗ ಗೊತ್ತಾಯ್ತು ಅಂದ್ರೆ ಇಲ್ಲಿ ಕೆಲಸ ಮುಗೀತು ಸರ್’ ಎಂದು ಆ ಕಾನ್ಸ್‌ಟೇಬಲ್ ನಕ್ಕರು.

ಈಗ ನನ್ನ ನಾಲ್ಕನೆಯ ಪ್ರಶ್ನೆ. ಗನ್ ಹಾಕಲು ಅತ್ಯಂತ ಸಲೀಸಾದ ಜಾಗ ಯಾವುದು? ಫ್ಲೈಓವರ್ ಇಳಿಜಾರಿನ ಬುಡ, ನೇರವಾದ ರಸ್ತೆ, ನೆರಳು, ಹಿಂದೆ ಗಾಡಿ ನಿಲ್ಲಿಸಲು ಅಗಲವಾದ ಮಣ್ಣಿನ ಜಾಗ. ಅಲ್ಲಿ ಎಲ್ಲರೂ ವೇಗವಾಗಿಯೇ ಬರುತ್ತಾರೆ, ಕೇಸುಗಳು ಬೇಗ ಬೇಗ ಬೀಳುತ್ತವೆ. ಆದರೆ ಅಲ್ಲಿ ರಸ್ತೆ ದಾಟುವವರು ಯಾರೂ ಇರುವುದಿಲ್ಲ. ಜನ ಸಾಯುವುದು ಗೇಟುಗಳಲ್ಲಿ. ಹಳ್ಳಿಯ ದಾರಿ ಹೆದ್ದಾರಿಗೆ ಬಂದು ಸೇರುವ ಜಾಗವನ್ನು ಹೊಸಕೋಟೆ, ಕೋಲಾರದ ಕಡೆ ಗೇಟ್ ಎನ್ನುತ್ತಾರೆ. ಒಂದು ಟೀ ಅಂಗಡಿ, ಬಸ್ ನಿಲ್ದಾಣದ ಹೆಸರಿನಲ್ಲಿ ಒಂದು ಗೂಡು, ಮೀಡಿಯನ್‌ನಲ್ಲಿ ಯಾರೋ ಕಂಬಿ ಬಗ್ಗಿಸಿ ಮಾಡಿಕೊಂಡ ಕಿಂಡಿ. ಬೆಳಿಗ್ಗೆ ಡೇರಿಗೆ ಹಾಲಿನ ಕ್ಯಾನ್ ಹೊತ್ತ ಟಿವಿಎಸ್ ಆ ಕಿಂಡಿಯಲ್ಲಿ ನುಸುಳುತ್ತದೆ. ಶಾಲೆಗೆ ಹೋಗುವ ಮಕ್ಕಳು ಒಬ್ಬರ ಕೈ ಒಬ್ಬರು ಹಿಡಿದು ಅರ್ಧ ರಸ್ತೆ ದಾಟಿ ಮೀಡಿಯನ್ ಮೇಲೆ ನಿಂತು, ಇನ್ನರ್ಧಕ್ಕೆ ಕಾಯುತ್ತಾರೆ. ನರಸಾಪುರದ ಕಾರ್ಖಾನೆಗಳ ಶಿಫ್ಟ್ ಬಿಡುವ ಹೊತ್ತಿಗೆ ನೂರಾರು ಹೆಣ್ಣುಮಕ್ಕಳು ಮಿನಿ ಬಸ್ ಇಳಿದು ಕತ್ತಲಲ್ಲಿ ದಾಟುತ್ತಾರೆ. ಕೋಲಾರದ ಮಾರುಕಟ್ಟೆಗೆ ಹರಾಜಿನ ಹೊತ್ತಿಗೆ ಮುಟ್ಟಬೇಕಾದ ಟೊಮೆಟೊ ಟೆಂಪೊಗಳೂ ಅದೇ ದಾರಿಯಲ್ಲಿ. ಇವರ ಪಾಲಿಗೆ 80ಕ್ಕೂ 100ಕ್ಕೂ ಇರುವ ಅಂತರ ಆರು ನಿಮಿಷದ್ದಲ್ಲ, ಪ್ರಾಣದ್ದು.

ಬೊಕ್ಕಸ ತುಂಬಿಸುವ ಆಟ ಎಂಬ ಅನುಮಾನ ಹುಟ್ಟುವುದೂ ಗನ್ ನಿಂತ ಜಾಗದಿಂದಲೇ. ಶಾಲೆಯ ಎದುರು, ಗೇಟಿನ ಮುಂಚೆ ನಿಂತ ಪೊಲೀಸರನ್ನು ಯಾರೂ ವಸೂಲಿಗೆ ನಿಂತವರು ಎನ್ನುವುದಿಲ್ಲ. ಖಾಲಿ ಇಳಿಜಾರಿನಲ್ಲಿ ನಿಂತರೆ ಎನ್ನದೆ ಬಿಡುವುದಿಲ್ಲ. ಸರ್ಕಾರವೂ ಈ ಅನುಮಾನಕ್ಕೆ ನೀರೆರೆಯುತ್ತಿದೆ. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ಕಟ್ಟಿದರು. 2025ರ ಆಗಸ್ಟ್‌ನಲ್ಲಿ ಮತ್ತೆ ಅದೇ ಕೊಡುಗೆ ಬಂತು. ಕಟ್ಟದೆ ಕಾದವರಿಗೆ ಲಾಭ, ಕೂಡಲೇ ಕಟ್ಟಿದವರು ಪೆಚ್ಚು. ದಂಡವನ್ನು ಆಷಾಢದ ಸೀರೆ ಅಂಗಡಿಯ ಬೆಲೆಗೆ ಇಳಿಸಿದ ಮೇಲೆ ಅದಕ್ಕೆ ಹೆದರಿ ಎಂದರೆ ಯಾರು ಹೆದರುತ್ತಾರೆ? ಬಾಕಿ ವಸೂಲಿಗೆ ಬೇರೆ ದಾರಿ ಹುಡುಕಲಿ. ದಂಡದ ಹಣದಲ್ಲಿ ಎಷ್ಟು ಯಾವ ರಸ್ತೆಗೆ ಖರ್ಚಾಯಿತು ಎಂದು ವರ್ಷಕ್ಕೊಮ್ಮೆ ಪತ್ರಿಕೆಯಲ್ಲಿ ಹಾಕಿದರೆ ಅರ್ಧ ಗೊಣಗಾಟ ನಿಲ್ಲುತ್ತದೆ.

ಗನ್ ಎಲ್ಲಕ್ಕೂ ಮದ್ದಲ್ಲ. ಕೆಸರು ಮೆತ್ತಿದ ಪ್ಲೇಟಿನ ಟಿಪ್ಪರ್ ಅದಕ್ಕೆ ಸಿಗುವುದಿಲ್ಲ, ರಾಂಗ್ ಸೈಡ್‌ನಲ್ಲಿ ಬರುವ ಬೈಕ್ ನಿಧಾನವಾಗಿಯೇ ಬರುತ್ತದೆ. ಗೇಟಿನಲ್ಲಿ ಬೇಕಾದದ್ದು ಕೊನೆಗೂ ಒಂದು ಅಂಡರ್‌ಪಾಸ್, ಸರ್ವಿಸ್ ರಸ್ತೆ, ಬೀದಿದೀಪ. ಆದರೆ ಅಂಡರ್‌ಪಾಸ್‌ಗೆ ಟೆಂಡರ್ ಆಗಿ, ಜಾಗದ ತಕರಾರು ತೀರಿ, ಕಾಂಕ್ರೀಟ್ ಬೀಳಲು ವರ್ಷಗಳು ಹಿಡಿಯುತ್ತವೆ. ಗನ್ ನಾಳೆ ಬೆಳಿಗ್ಗೆಯೇ ಬರಬಹುದು. ಈಗಂತೂ ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆಯ ಪಕ್ಕದಲ್ಲಿ ಬೇತಮಂಗಲದವರೆಗೆ ಚೆನ್ನೈ ಎಕ್ಸ್‌ಪ್ರೆಸ್‌ವೇಯ ಸುಮಾರು 71 ಕಿಲೋಮೀಟರ್ 2024ರ ಕೊನೆಯಿಂದ ಓಡಾಟಕ್ಕೆ ಸಿಕ್ಕಿದೆ. ಎಕ್ಸ್‌ಪ್ರೆಸ್‌ವೇ ಎಂದರೆ ಕಾರಿಗೆ 120ರವರೆಗೆ ಅವಕಾಶ. ಅಲ್ಲಿಂದ ಇಳಿದು ಮಾಲೂರಿನ ಹಳ್ಳಿ ರಸ್ತೆಗೆ ಬಂದವರ ಕಾಲು ಹತ್ತು ನಿಮಿಷದವರೆಗೂ ಎಕ್ಸ್‌ಪ್ರೆಸ್‌ವೇಯಲ್ಲೇ ಇರುತ್ತದೆ. ಗನ್ನಿಗೆ ಮುಂದಿನ ದಿನಗಳಲ್ಲಿ ಅತಿ ಹೆಚ್ಚು ಕೆಲಸ ಇರುವುದು ಆ ಇಳಿಯುವ ಜಾಗಗಳಲ್ಲಿ ಎಂದು ನನ್ನ ಅಂದಾಜು.

ಯಾವ ಗೇಟಿನಲ್ಲಿ ಮೂರು ವರ್ಷದಲ್ಲಿ ಎಷ್ಟು ಜನ ಸತ್ತರು ಎಂಬ ಲೆಕ್ಕ ಪೊಲೀಸ್ ಠಾಣೆಯಲ್ಲಿದೆ. ಅದಕ್ಕಿಂತ ಖಚಿತವಾದ ಲೆಕ್ಕ ಆ ಗೇಟಿನ ಟೀ ಅಂಗಡಿಯವರ ಬಾಯಲ್ಲಿದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಪ್ರತಿ ಜಿಲ್ಲೆಗೂ ಒಂದು ರಸ್ತೆ ಸುರಕ್ಷತಾ ಸಮಿತಿ ಇದೆ. ಹಂಪ್ಸ್ ಹಾಕಿಕೊಡಿ ಎಂದು ಅದಕ್ಕೆ ಅರ್ಜಿ ಕೊಡುವ ಗ್ರಾಮ ಪಂಚಾಯಿತಿಗಳು, ಹೆದ್ದಾರಿಯಲ್ಲಿ ಹಂಪ್ಸ್ ಹಾಕುವಂತಿಲ್ಲ ಎಂಬ ಉತ್ತರ ಪಡೆದು ಸುಮ್ಮನಾಗುತ್ತವೆ. ಮುಂದಿನ ಸಲ ಅರ್ಜಿ ಬದಲಾಯಿಸಿ ನೋಡಿ: ‘ನಮ್ಮ ಗೇಟಿಗೆ 300 ಮೀಟರ್ ಮುಂಚೆ ವಾರಕ್ಕೆರಡು ದಿನ, ಯಾವ ದಿನ ಎಂದು ಯಾರಿಗೂ ಹೇಳದೆ, ಗನ್ ಹಾಕಿಸಿಕೊಡಿ’ ಎಂದು ಠರಾವು ಮಾಡಿ ಕಳಿಸಿ. ಜೊತೆಗೆ ಸತ್ತವರ ದಿನಾಂಕಗಳ ಪಟ್ಟಿ ಲಗತ್ತಿಸಿ. ಇದಕ್ಕೆ ಟೆಂಡರ್ ಬೇಡ, ಜಾಗ ಬೇಡ, ದುಡ್ಡೂ ಹೆಚ್ಚು ಬೇಡ. ಇಲ್ಲ ಎನ್ನಲು ಅಧಿಕಾರಿಗಳಿಗೆ ಕಾರಣ ಹುಡುಕುವುದು ಕಷ್ಟವಾಗುತ್ತದೆ.